ಕಡತದಲ್ಲಿ ತಾರೀಖುಗಳನ್ನು ಮೊದಲು ಓದು

ಚಿ. ಅನಘಾಗೆ ಮಾಮನ ಆಶೀರ್ವಾದಗಳು.

ದಿಲ್ಲಿಯ ವಕೀಲರ ಕಚೇರಿಯಲ್ಲಿ, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಗಾಲು ಹಾಕುವುದನ್ನು ತಡೆಯುವ ಸ್ಪರ್ಧಾ ಕಾಯ್ದೆಯ ವಿಭಾಗಕ್ಕೆ ಸೇರಿದ್ದೀಯ ಎಂದು ತಿಳಿದು ಸಂತೋಷವಾಯಿತು. ಕಕ್ಷಿದಾರರು ದೊಡ್ಡ ದೊಡ್ಡ ಟೆಕ್ ಕಂಪನಿಗಳು. ಮೊದಲ ವಾರವೇ ಹಿರಿಯರೊಬ್ಬರು "ಇಲ್ಲಿ ಕೇಸು ಗೆಲ್ಲದಿದ್ದರೂ ನಡೆಯುತ್ತೆ, ವಾಯಿದೆ ಸಿಕ್ಕರೆ ಸಾಕು" ಅಂದರಂತೆ. ಆ ಮಾತು ಮನಸ್ಸನ್ನು ಕೊರೆಯುತ್ತಿದೆ ಎಂದು ಬರೆದಿದ್ದೀಯ. ಕೊರೆಯಲೇಬೇಕು ಕಣಮ್ಮ. ಹುಬ್ಬಳ್ಳಿ ಕೋರ್ಟಿನಲ್ಲಿ ಜಮೀನಿನ ವ್ಯಾಜ್ಯ ಹತ್ತು ವರ್ಷ ಎಳೆದರೂ ಜಮೀನು ಅಲ್ಲೇ ಇರುತ್ತದೆ. ನೀನು ಹಿಡಿದಿರುವ ಕ್ಷೇತ್ರದಲ್ಲಿ ತೀರ್ಪು ಬರುವಷ್ಟರಲ್ಲಿ ಮಾರುಕಟ್ಟೆಯೇ ಕೈಬದಲಾಗಿರುತ್ತದೆ.

ಅಮೆಜಾನ್, ಫ್ಲಿಪ್‌ಕಾರ್ಟ್ ಪ್ರಕರಣವನ್ನೇ ನೋಡು. ವ್ಯಾಪಾರಿಗಳ ಸಂಘಟನೆಯಾದ ದಿಲ್ಲಿ ವ್ಯಾಪಾರ್ ಮಹಾಸಂಘದ ದೂರಿನ ಮೇಲೆ, ಈ ಕಾಯ್ದೆಯನ್ನು ಜಾರಿ ಮಾಡುವ ಭಾರತೀಯ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ತನಿಖೆಗೆ ಆದೇಶಿಸಿತು. ಹೊಸ ಮೊಬೈಲುಗಳು ಒಂದೇ ಜಾಲತಾಣದಲ್ಲಿ ಬಿಡುಗಡೆಯಾಗುತ್ತವೆ, ಆಯ್ದ ಕೆಲವು ಮಾರಾಟಗಾರರಿಗೆ ಮಾತ್ರ ಮಣೆ, ಯಾರೂ ತಾಳಲಾರದ ರಿಯಾಯಿತಿ ಎಂಬುದು ದೂರು. ಫೆಬ್ರುವರಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನಿಂದ ತಡೆಯಾಜ್ಞೆ ಬಂತು. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠ ಕಂಪನಿಗಳ ಅರ್ಜಿ ವಜಾ ಮಾಡಿತು, ಜುಲೈನಲ್ಲಿ ವಿಭಾಗೀಯ ಪೀಠ ಮೇಲ್ಮನವಿಯನ್ನೂ ವಜಾ ಮಾಡಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ಕೈಹಾಕಲಿಲ್ಲ. ಕಾಗದದ ಮೇಲೆ ಕಂಪನಿಗಳು ಮೂರು ಕಡೆ ಸೋತವು. ಆದರೆ ಆ ತಡೆಯಾಜ್ಞೆಯ ಹದಿನಾರು ತಿಂಗಳು ಯಾವ ಕಾಲ ಅನ್ನುವುದನ್ನು ಗಮನಿಸು. ಕೊರೊನಾದ ಲಾಕ್‌ಡೌನಿನಲ್ಲಿ ಅಂಗಡಿಗಳ ಷಟರ್ ಎಳೆದಿತ್ತು, ಜನ ಮನೆಯಲ್ಲೇ ಕೂತು ಮೊಬೈಲ್ ತರಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡರು. ತನಿಖೆ ನಡೆಯಲೇಬೇಕಿದ್ದ ಹೊತ್ತಿನಲ್ಲಿ ಅದು ನಿಂತಿತ್ತು. ತನಿಖಾ ವರದಿ ಬಂದಿದ್ದು 2024ರಲ್ಲಿ. ಆಯ್ದ ಮಾರಾಟಗಾರರಿಗೆ ಅನುಕೂಲ ಮಾಡಿಕೊಟ್ಟಿದ್ದಾರೆ ಎಂದು ಅದರಲ್ಲಿತ್ತು; ಕಂಪನಿಗಳು ಒಪ್ಪಲಿಲ್ಲ. ಮತ್ತೆ ಹಲವು ಹೈಕೋರ್ಟುಗಳಲ್ಲಿ ರಿಟ್ ಅರ್ಜಿಗಳು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅವನ್ನೆಲ್ಲ ಕರ್ನಾಟಕ ಹೈಕೋರ್ಟಿಗೇ ಕಳಿಸಿತು. ಐದು ವರ್ಷದ ಮೇಲೆ ಕೇಸು ಹೊರಟ ಊರಿಗೇ ಬಂದು ನಿಂತಿತು.

ಕೊಪ್ಪಿಕರ್ ರಸ್ತೆಯಲ್ಲಿ ನಾನು ರೀಚಾರ್ಜ್ ಮಾಡಿಸುವ ಮೊಬೈಲ್ ಅಂಗಡಿಯಲ್ಲಿ ಒಂದು ದಿನ ಕೂತು ನೋಡು. ಕಾಲೇಜು ಹುಡುಗನೊಬ್ಬ ಬಂದು ಫೋನಿನ ಪರದೆ ತೋರಿಸಿ ಈ ಮಾಡೆಲ್ ಇದೆಯಾ ಅಂತಾನೆ. ಅಂಗಡಿಯವರು ಡೀಲರಿಗೆ ಫೋನ್ ಮಾಡುತ್ತಾರೆ. "ಅದು ಆನ್‌ಲೈನ್ ಮಾತ್ರ ಸಾರ್, ನಮಗೇ ಬಂದಿಲ್ಲ" ಎಂಬ ಉತ್ತರ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸುತ್ತದೆ. ಹುಡುಗ ಹೊರಡುವಾಗ ಒಂದು ಸ್ಕ್ರೀನ್‌ಗಾರ್ಡ್ ಹಾಕಿಸಿಕೊಳ್ಳುತ್ತಾನೆ. ಅವತ್ತಿನ ಬೋಣಿ ಅದೇ. ಬೆಲೆಯಲ್ಲಿ ಸೋತರೆ ವ್ಯಾಪಾರದಲ್ಲಿ ಸೋತಂತೆ, ಅದನ್ನು ಯಾರಾದರೂ ಒಪ್ಪಿಕೊಳ್ಳುತ್ತಾರೆ. ಮಾಲೇ ಕೊಡದಿದ್ದರೆ ಸ್ಪರ್ಧೆ ಎಲ್ಲಿಂದ ಬರಬೇಕು? ನಿನ್ನ ಕಡತದಲ್ಲಿ "ಎಕ್ಸ್‌ಕ್ಲೂಸಿವ್" ಎಂಬ ಮಾತು ಬಂದಾಗಲೆಲ್ಲ ಈ ಅಂಗಡಿ ಕಣ್ಣೆದುರು ಇರಲಿ.

ಹಾಗೆಂದು ಸಣ್ಣವರೆಲ್ಲ ಸಾಚಾ ಎಂದುಕೊಳ್ಳಬೇಡ. ಸಂಘದ ಒಪ್ಪಿಗೆ ಪತ್ರವಿಲ್ಲದೆ ಹೊಸ ಸ್ಟಾಕಿಸ್ಟರಿಗೆ ಔಷಧಿ ಸಿಗದಂತೆ ಮಾಡಿದ್ದಕ್ಕೆ ಕರ್ನಾಟಕದ ಔಷಧ ವ್ಯಾಪಾರಿಗಳ ಸಂಘಕ್ಕೂ ಇದೇ ಆಯೋಗ 2015ರಲ್ಲಿ ದಂಡ ಹಾಕಿತ್ತು. ದಾರಿ ಕಟ್ಟುವವರು ಯಾರೇ ಆದರೂ ತಪ್ಪು ತಪ್ಪೇ.

ಇನ್ನು ಆಯೋಗದ ಕೆಲಸಕ್ಕೆ ಅಡ್ಡ ಬರುವ ರಾಜಕೀಯ. ಅದು ಯಾವಾಗಲೂ ಮಂತ್ರಿಯ ಫೋನಿನ ರೂಪದಲ್ಲೇ ಬರಬೇಕೆಂದಿಲ್ಲ. 2022ರ ಅಕ್ಟೋಬರಿನಲ್ಲಿ ಆಯೋಗ, ಮೊಬೈಲಿನ ಆಂಡ್ರಾಯ್ಡ್ ತಂತ್ರಾಂಶದ ಬಲವನ್ನು ದುರುಪಯೋಗ ಮಾಡಿಕೊಂಡ ಪ್ರಕರಣದಲ್ಲಿ, ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅದೇ ತಿಂಗಳು ಅಧ್ಯಕ್ಷರು ನಿವೃತ್ತರಾದರು, ಉಳಿದ ಸದಸ್ಯರಿಂದ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಸಂಖ್ಯೆ, ಆಗಲಿಲ್ಲ, ಹೊಸ ಅಧ್ಯಕ್ಷರು ಬರಲು 2023ರ ಮೇ ಆಯಿತು. ಖಾಲಿ ಕುರ್ಚಿಯೂ ಒಂದು ತಡೆಯಾಜ್ಞೆಯೇ, ಅದರ ವಿರುದ್ಧ ಮೇಲ್ಮನವಿ ಹೋಗುವ ಕೋರ್ಟು ಇಲ್ಲ. ದೊಡ್ಡ ಕಂಪನಿಗಳು ಏನು ಮಾಡಬಾರದೆಂದು ಮೊದಲೇ ಕಟ್ಟಳೆ ಹಾಕುವ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚಿನಲ್ಲಿ ಬಂತು. ಅದರ ಅಗತ್ಯ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಮಾರುಕಟ್ಟೆಯಲ್ಲಿ ಪ್ರಬಲರಾದವರು ತಮ್ಮ ಬಲವನ್ನು ದುರುಪಯೋಗ ಮಾಡಬಾರದು ಎನ್ನುವ ಈಗಿನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಒಂದೇ ಸಮೂಹದವರಲ್ಲದ ಎರಡು ಕಂಪನಿಗಳು ಒಟ್ಟಾಗಿ ಪ್ರಬಲ ಎನ್ನಿಸಿಕೊಳ್ಳುವಂತಿಲ್ಲ. ಹಾಗಾಗಿ ಅಮೆಜಾನ್, ಫ್ಲಿಪ್‌ಕಾರ್ಟ್ ಪ್ರಕರಣ, ಸ್ಪರ್ಧೆಗೆ ಧಕ್ಕೆ ತರುವ ಒಪ್ಪಂದಗಳನ್ನು ತಡೆಯುವ 3ನೇ ಸೆಕ್ಷನ್ನಿನ ದಾರಿ ಹಿಡಿಯಬೇಕಾಯಿತು.

ಕೆಲಸ ಬಿಡು ಎಂದು ನಾನು ಹೇಳುವುದಿಲ್ಲ. ಕಂಪನಿಗೂ ವಕೀಲರು ಬೇಕು, ತನಿಖಾಧಿಕಾರಿಯ ತಪ್ಪನ್ನು ಎತ್ತಿ ತೋರಿಸುವುದೂ ನ್ಯಾಯದ ಕೆಲಸವೇ. ಆದರೆ ಒಂದು ಅರ್ಜಿ ನಿನ್ನ ಮೇಜಿಗೆ ಬಂದಾಗ, ಇದರಲ್ಲಿ ನಿಜವಾದ ಕಾನೂನಿನ ಪ್ರಶ್ನೆ ಇದೆಯೋ ಅಥವಾ ಮುಂದಿನ ದೀಪಾವಳಿ ಸೇಲ್ ದಾಟಿಸುವುದಷ್ಟೇ ಉದ್ದೇಶವೋ ಎಂದು ಕೇಳಿಕೋ. ಎರಡನೆಯದಾದರೆ ಅದಕ್ಕೆ ನಿನ್ನ ರುಜು ಹಾಕಬೇಡ, ಹಿರಿಯರಿಗೆ ನೇರವಾಗಿ ಹೇಳು, ಬೈದರೆ ಬೈಸಿಕೋ. ಎರಡು ಮೂರು ವರ್ಷ ಪಳಗಿದ ಮೇಲೆ ಆಯೋಗದಲ್ಲೇ ಹುದ್ದೆಗೆ ಕರೆದಾಗ ಅರ್ಜಿ ಹಾಕು. ಸಂಬಳ ಕಡಿಮೆಯಾಗುತ್ತದೆ ಎಂದು ಅಕ್ಕ ಗೊಣಗಿದರೆ ಅವಳನ್ನು ಒಪ್ಪಿಸುವ ಹೊಣೆ ನನ್ನದು.

ಇತಿ,
ನಿನ್ನ ಸೋದರಮಾವ