ಬೀಗ ಹಾಕಿದ್ದಾಯಿತು, ಬಾಣ ಬರೆಯುವುದು ಯಾವಾಗ?

ಮಾನ್ಯರೇ,

ಕಳೆದ ಭಾನುವಾರ ಬೆಂಗಳೂರು ಸಮೀಪದ ಚಾರಣದ ಬೆಟ್ಟವೊಂದರಲ್ಲಿ ದಾರಿ ತಪ್ಪಿದ ಮೂವರು ಹುಡುಗರನ್ನು ರಾತ್ರಿ ಹನ್ನೊಂದಕ್ಕೆ ಕೆಳಗಿಳಿಸಿದ ಸುದ್ದಿ ನಿಮ್ಮಲ್ಲೇ ಬಂದಿತ್ತು. ಬುಧವಾರ ಬೆಟ್ಟದ ಗೇಟಿಗೆ ಬೀಗ ಬಿತ್ತು. 'ಯುವಕರ ಹುಚ್ಚಾಟ' ಎಂದು ನೀವು ತಲೆಬರಹ ಕೊಟ್ಟಿರಿ. ಹುಚ್ಚಾಟ ಯಾರದ್ದು ಎಂದು ಹೇಳಲು ಈ ಪತ್ರ.

ಆ ಬೆಟ್ಟ ಹತ್ತಿದವರಿಗೆಲ್ಲ ಗೊತ್ತು, ದಾರಿ ತೋರಿಸಲು ಬರೆದು ಉಳಿದಿರುವ ನಾಲ್ಕಾರು ಹಳೆಯ ಬಾಣದ ಗುರುತುಗಳೂ ಬಂಡೆಯ ಕೆಳಮುಖಕ್ಕೇ ಇವೆ. ಹತ್ತುವಾಗ ಎದುರಿಗೇ ಸಿಗುತ್ತವೆ, ಇಳಿಯುವಾಗ ನಮಗೆ ಬೆನ್ನು ಹಾಕಿರುತ್ತವೆ. ದಾರಿ ಕಾಣದವನಿಗೆ ಕೆಳಗೆ ನಿಲ್ಲಿಸಿದ ತನ್ನ ಬೈಕು ಕಾಣುತ್ತದೆ, ನೇರ ಅತ್ತ ಇಳಿಯುತ್ತಾನೆ. ಸಾವನದುರ್ಗದಿಂದ ಹಿಡಿದು ಬೆಂಗಳೂರು ಸುತ್ತಿನ ಬೋಳುಬಂಡೆಗಳೆಲ್ಲ ಕವುಚಿಟ್ಟ ಬಾಣಲೆಯ ಹಾಗೆ. ನೆತ್ತಿ ಸಪಾಟು, ಕೆಳಗಿಳಿದಷ್ಟೂ ಕಡಿದು. ಹತ್ತಡಿ ಮುಂದಿನ ಇಳಿಜಾರು ಎಂಥದ್ದೆಂದು ಅಲ್ಲಿಗೆ ಹೋಗಿ ನಿಂತ ಮೇಲೇ ಗೊತ್ತಾಗುವುದು. ಅಷ್ಟರಲ್ಲಿ ಕೂತು ಜಾರಿಕೊಂಡು ಬಂದ ಬಂಡೆಯನ್ನು ವಾಪಸ್ ಹತ್ತಲಾಗದು. ಅಂದು ಮಳೆ ಬೇರೆ. ಬಂಡೆಯ ಮೇಲಿನ ಕಪ್ಪು ಪಟ್ಟೆಗಳು ನೀರು ಹರಿಯುವ ಜಾಡು, ಒಣಗಿದ ಪಾಚಿ. ಬಿಸಿಲಿನಲ್ಲಿ ಅದರ ಮೇಲೆ ಕಾಲು ಚೆನ್ನಾಗಿಯೇ ನಿಲ್ಲುತ್ತದೆ. ನಾಲ್ಕು ಹನಿ ಬಿದ್ದರೆ ಸಾಕು, ಸೋಪು ಸವರಿದ ಬಚ್ಚಲು. ಸಾವಿರದ ಶೂ ಇರಲಿ, ಹತ್ತು ಸಾವಿರದ್ದಿರಲಿ, ಅಲ್ಲಿ ಎಲ್ಲರೂ ಒಂದೇ.

ಇದಕ್ಕೆ ಕೋಟಿಯ ಯೋಜನೆ ಬೇಡ. ನಾಲ್ಕು ಲೀಟರ್ ಹಳದಿ ಎನಾಮಲ್ ಬಣ್ಣ, ಎರಡು ತಂತಿ ಬ್ರಷ್ಷು, ಇಬ್ಬರು ಆಳು, ಎರಡು ದಿನ. ಮೊದಲು ಕಲ್ಲುಹೂವು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಅದರ ಸಮೇತ ಹಪ್ಪಳದಂತೆ ಎದ್ದುಬರುತ್ತದೆ. ಬಂಡೆ ಪೂರ್ತಿ ಒಣಗಿದ ಮೇಲೆ ಎರಡು ಕೋಟು. ಇಪ್ಪತ್ತು ಹೆಜ್ಜೆಗೊಂದು ಬಾಣ, ತಿರುವಿನಲ್ಲಿ ಎರಡು, ಹತ್ತುವವರಿಗೂ ಇಳಿಯುವವರಿಗೂ ಕಾಣುವಂತೆ. ಪಕ್ಕದಲ್ಲಿ ಒಂದೊಂದು ನಂಬರು. 112ಕ್ಕೆ ಫೋನ್ ಮಾಡಿದವನು 'ದೊಡ್ಡ ಬಂಡೆ ಹತ್ರ ಇದೀವಿ ಸಾರ್' ಎಂದರೆ ಯಾರು ಹುಡುಕಬೇಕು? ಆ ಬೆಟ್ಟದಲ್ಲಿ ಬಂಡೆ ಬಿಟ್ಟರೆ ಇನ್ನೇನಿದೆ? '37ನೇ ಬಾಣ ದಾಟಿ ಎಡಕ್ಕೆ' ಎಂದರೆ ರಾತ್ರಿ ಹತ್ತುವವರಿಗೂ ಒಂದು ಲೆಕ್ಕ ಸಿಗುತ್ತದೆ.

ಬರೆದೇ ಇಲ್ಲವೆಂದಲ್ಲ. ಹೋದ ವರ್ಷ ಯಾರೋ ಗಣ್ಯರು ಬರುತ್ತಾರೆಂದು ರಾತ್ರೋರಾತ್ರಿ ಬರೆದರು, ಸುಣ್ಣದಲ್ಲಿ! ಮೊದಲ ಮಳೆಗೇ ಬಾಣ ಹೋಯಿತು. ಬಿಲ್ಲು ಮಾತ್ರ ಪಾಸಾಗಿರುತ್ತದೆ ಬಿಡಿ.

ಇನ್ನು ಬೀಗದ ಕಥೆ. ಮುಂಗಡ ಟಿಕೆಟ್ ತೆಗೆದವರಿಗೆ ಒಂದು ಮೆಸೇಜೂ ಇಲ್ಲ. ಶನಿವಾರ ನಸುಕಿನ ನಾಲ್ಕಕ್ಕೆ ವಿಜಯನಗರ ಬಿಟ್ಟು ಹೋದರೆ ಗೇಟಿನಲ್ಲಿ ಬಿಸ್ಕತ್ತಿನ ರಟ್ಟು ನೇತಾಡುತ್ತಿದೆ, 'ಕ್ಲೋಸ್'. ಬೆಟ್ಟ ಮುಚ್ಚಿದ್ದರೂ ಪಾರ್ಕಿಂಗ್ ರಸೀದಿ ಪುಸ್ತಕ ತೆರೆದೇ ಇತ್ತು, ಐವತ್ತು ರೂಪಾಯಿ. ಟಿಕೆಟ್ ದುಡ್ಡು ಕೇಳಿದರೆ 'ಆನ್‌ಲೈನಲ್ಲಿ ನೋಡ್ಕೊಳ್ಳಿ', ಅಲ್ಲಿ ನೆಟ್‌ವರ್ಕೇ ಇಲ್ಲ. ಶೌಚಾಲಯಕ್ಕೂ ಬೀಗ. ಅದು ಈ ವಾರದ್ದಲ್ಲ, ತುಕ್ಕು ಹಿಡಿದು ಕೊಂಡಿಗೇ ಅಂಟಿಕೊಂಡಿದೆ.

2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಜನ ಜಾತ್ರೆಯಂತೆ ನುಗ್ಗಿದ ಮೇಲೆ ಚಾರಣಕ್ಕೆ ಆನ್‌ಲೈನ್ ಟಿಕೆಟ್ ಕಡ್ಡಾಯ ಮಾಡಿದ್ದು ಸರಿಯೇ. ಆದರೆ ಟಿಕೆಟ್ಟಿನ ದುಡ್ಡು ಬೆಟ್ಟ ಹತ್ತಿದ್ದನ್ನು ಯಾರಾದರೂ ಕಂಡಿದ್ದೀರಾ? ಬುಡದಲ್ಲೊಂದು ಫಲಕ ಎದ್ದಿದೆ ನೋಡಿ, ಯಾರ ಅಮೃತಹಸ್ತ, ಯಾರ ಘನ ಉಪಸ್ಥಿತಿ ಎಲ್ಲ ಅದರಲ್ಲಿದೆ, ಬೆಟ್ಟದ ನಕ್ಷೆಯೊಂದಿಲ್ಲ. ಊರೊಳಗಾದರೂ ಏನು? ಬಡಾವಣೆಯ ಕೆರೆ ಏರಿಯ ಮೇಲೆ ನಡೆಯೋಣವೆಂದರೆ ಬೆಳಿಗ್ಗೆ ಒಂಬತ್ತಕ್ಕೆ ಅದಕ್ಕೂ ಬೀಗ. ಈ ಊರಿನ ಅಧಿಕಾರಿಗಳಿಗೆ ಬೀಗ ಒಂದು ಕೊಡಿ, ಆಡಳಿತ ನಡೆದುಬಿಡುತ್ತದೆ.

ದಯವಿಟ್ಟು ಬೆಟ್ಟ ತೆರೆಯಿರಿ. ಆದರೆ ಬಾಣ ಬರೆದ ಮೇಲೆ, ಅಲ್ಲಿಯವರೆಗೆ ತೆರೆಯಲೂಬೇಡಿ. ಬರೆಯುವ ಯೋಗ್ಯತೆ ಇಲ್ಲದಿದ್ದರೆ ಖಾಯಂ ಮುಚ್ಚಿ, ಪಾರ್ಕಿಂಗ್ ರಸೀದಿ ಪುಸ್ತಕದ ಸಮೇತ. ಬೀಗಕ್ಕೆ ಸಹಿ ಹಾಕಿದ ಸಾಹೇಬರು ಮಳೆ ನಿಂತ ಒಂದು ಸಂಜೆ ಐದೂವರೆಗೆ ಆ ನೆತ್ತಿಯಿಂದ ಹೊರಟು, ಯಾರನ್ನೂ ಕೇಳದೆ ಕೆಳಗಿಳಿದು ತೋರಿಸಲಿ. ಕೆಳಗೆ ಚಹಾ ನಾವೇ ಕೊಡಿಸುತ್ತೇವೆ.

— ನೊಂದ ಚಾರಣಿಗ, ವಿಜಯನಗರ, ಬೆಂಗಳೂರು