ಗುರ್ನಿಕ್ ಜಬ್ಝೆ: ಪೋಸ್ಟ್ ಹಾಕುವ ಮೊದಲು ಗಮನಿಸಿ

ಸದಸ್ಯರೆಲ್ಲರಿಗೂ ನಮಸ್ಕಾರ. ಈ ವಾರದ ಕ್ಲಬ್ ಪೋಲೆಂಡಿನ ಫುಟ್‌ಬಾಲ್ ತಂಡ ಗುರ್ನಿಕ್ ಜಬ್ಝೆ. ಸೈಲೀಸಿಯಾ ಪ್ರದೇಶದ ಕಲ್ಲಿದ್ದಲು ಗಣಿ ಊರಿನಲ್ಲಿ 1948ರ ಡಿಸೆಂಬರ್‌ನಲ್ಲಿ ಹುಟ್ಟಿದ ತಂಡ. ಮೊದಲ ಲೀಗ್ ಪ್ರಶಸ್ತಿ 1957ರಲ್ಲಿ, ಹದಿನಾಲ್ಕನೆಯದು 1988ರಲ್ಲಿ. ನಡುವೆ 1963ರಿಂದ 67ರವರೆಗೆ ಸತತ ಐದು.

ಹೆಚ್ಚು ಗೊಂದಲವಾಗುವುದು 1970ರ ಕಪ್ ವಿನ್ನರ್ಸ್ ಕಪ್ (ಯುರೋಪಿನ ದೇಶಗಳ ಕಪ್ ಗೆದ್ದ ಕ್ಲಬ್‌ಗಳ ನಡುವೆ ಆಗ ನಡೆಯುತ್ತಿದ್ದ ಟೂರ್ನಿ) ಸೆಮಿಫೈನಲ್ ಬಗ್ಗೆ. ಇಟಲಿಯ ರೋಮಾ ಕ್ಲಬ್ ವಿರುದ್ಧ ಮೊದಲ ಪಂದ್ಯ ರೋಮ್‌ನಲ್ಲಿ 1-1. ಎರಡನೆಯದು ಪೋಲೆಂಡಿನ ಹೊಝುಫ್‌ನಲ್ಲಿ, 90 ನಿಮಿಷಕ್ಕೆ ಮತ್ತೆ 1-1, ಹೆಚ್ಚುವರಿ ಸಮಯದ ಕೊನೆಗೆ 2-2. ಒಟ್ಟು ಗೋಲು ಸಮವಾದರೆ ಎದುರಾಳಿ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದವರೇ ಗೆಲ್ಲುವ ನಿಯಮದಂತೆ ರೋಮಾ ಗೆದ್ದಿರಬೇಕಿತ್ತಲ್ಲ ಎಂದು ಹಲವರು ವಾದಿಸುತ್ತಾರೆ. ಆಗ ಹೆಚ್ಚುವರಿ ಸಮಯದ ಗೋಲಿಗೆ ಆ ನಿಯಮ ಅನ್ವಯಿಸುತ್ತಿರಲಿಲ್ಲ, ಹಾಗಾಗಿಯೇ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಮೂರನೇ ಪಂದ್ಯ. ಅದೂ 1-1! ಕೊನೆಗೆ ನಾಣ್ಯ ಚಿಮ್ಮಿಸಿ ತೀರ್ಮಾನ, ಅದೃಷ್ಟ ಗುರ್ನಿಕ್‌ನದು. ದಯವಿಟ್ಟು "ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದರು" ಎಂದು ಬರೆಯಬೇಡಿ. ಯುರೋಪಿನ ಕಪ್‌ಗಳಿಗೆ ಶೂಟೌಟ್ ಬಂದದ್ದು ಮುಂದಿನ ಋತುವಿನಲ್ಲಿ.

ವಿಯೆನ್ನಾದ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಗೆ 2-1 ಜಯ. ಗುರ್ನಿಕ್‌ನ ಆ ಒಂದು ಗೋಲು ಹೊಡೆದದ್ದು ನಾಯಕ, ಡಿಫೆಂಡರ್ ಒಶ್ಲಿಜ್ವೊ, ಮುಂಪಡೆ ಆಟಗಾರ ಲುಬಾನ್ಸ್ಕಿ ಅಲ್ಲ. ಹೆಸರು ಅದಲುಬದಲಾಗುವುದು ಸಹಜ, ಏಕೆಂದರೆ ರೋಮಾ ವಿರುದ್ಧ ಹೊಝುಫ್‌ನ ಎರಡೂ ಗೋಲು, ಸ್ಟ್ರಾಸ್‌ಬರ್ಗ್‌ನ ಗೋಲು ಲುಬಾನ್ಸ್ಕಿಯವು. 16ನೇ ವಯಸ್ಸಿಗೇ, 1963ರಲ್ಲಿ ನಾರ್ವೆ ವಿರುದ್ಧ ದೇಶಕ್ಕಾಗಿ ಆಡಿ ಗೋಲು ಗಳಿಸಿದ ಅದ್ಭುತ ಆಟಗಾರ ಆತ.

ಪೋಲಿಷ್ ಕಪ್ ಪಟ್ಟಿ ಮಾಡುವವರು 1968–72ರ ಸತತ ಐದರ ಜೊತೆ 1965ರದನ್ನೂ ಸೇರಿಸಿ. ಅದು ಆಗಾಗ ಬಿಟ್ಟುಹೋಗುತ್ತದೆ.