ವಿದೇಶದಲ್ಲಿ ಹುಟ್ಟಿದ ಮಗುವಿನ ಪಾಸ್‌ಪೋರ್ಟ್: ಮೊದಲು ನೋಂದಣಿ, ಆಮೇಲೆ ಅರ್ಜಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮುಂಬಯಿ, ಠಾಣೆ, ಪುಣೆಯ ಕನ್ನಡಿಗರ ಮನೆಗಳಲ್ಲಿ ದುಬೈ, ಮಸ್ಕತ್ ಅಥವಾ ಲಂಡನ್ನಿನಲ್ಲಿ ಸಂಸಾರ ಹೂಡಿದ ಮಗನೋ ಮಗಳೋ ಇರುವುದು ಈಗ ಹೊಸ ಸಂಗತಿಯೇನಲ್ಲ. ಅಲ್ಲಿ ಮಗು ಹುಟ್ಟಿದ ಸುದ್ದಿ ಬಂದ ಮರುದಿನವೇ ಇಲ್ಲಿನ ಅಜ್ಜ ಅಜ್ಜಿಯರ ಪ್ರಶ್ನೆ ಶುರು: ‘ಪಾಸ್‌ಪೋರ್ಟ್ ಯಾವಾಗ ಸಿಗುತ್ತದೆ? ಯಾವಾಗ ಕರೆದುಕೊಂಡು ಬರುತ್ತೀರಿ?’ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಮಗುವಿನ ಜನನವನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಿದ್ದಾರೆಯೇ? ಪಾಸ್‌ಪೋರ್ಟ್ ಅರ್ಜಿ ತುಂಬಲು ನೆರವಾಗುವ ನಮ್ಮಂಥವರ ಮುಂದೆ ಬರುವ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ. ಅದಕ್ಕಾಗಿ ಈ ಪತ್ರ.

ಭಾರತೀಯ ದಂಪತಿಯ ಮಗು ಎಲ್ಲಿ ಹುಟ್ಟಿದರೂ ತಾನಾಗಿ ಭಾರತೀಯ ಪ್ರಜೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಹಿಂದೆ ಅದು ಹೆಚ್ಚುಕಡಿಮೆ ನಿಜವೂ ಆಗಿತ್ತು. 1992ರ ಡಿಸೆಂಬರ್ 10ಕ್ಕೆ ಮೊದಲು ಹುಟ್ಟಿದವರಿಗೆ ತಂದೆ, ಆ ಮೇಲೆ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಯಾರಾದರೊಬ್ಬರು ಭಾರತೀಯ ಪ್ರಜೆಯಾಗಿದ್ದರೆ ಸಾಕಿತ್ತು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಅಷ್ಟು ಸಾಲದು. 1955ರ ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿ ಆಗಬೇಕು. ಮಗುವಿನ ಹೆಸರಿನಲ್ಲಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು. ನೋಂದಣಿ ಆಗದಿದ್ದರೆ ಕಾಯ್ದೆಯ ಲೆಕ್ಕದಲ್ಲಿ ಮಗು ಇನ್ನೂ ಭಾರತೀಯ ಪ್ರಜೆಯೇ ಅಲ್ಲ. ಪಾಸ್‌ಪೋರ್ಟಿನ ಮಾತು ಆಮೇಲಿನದು.

ವರ್ಷ ದಾಟಿತೆಂದರೆ ದಾರಿ ಪೂರ್ತಿ ಮುಚ್ಚಿತೆಂದೇನೂ ಅಲ್ಲ. ತಡವಾದ ಕಾರಣ ಬರೆದುಕೊಟ್ಟರೆ ಕೇಂದ್ರ ಸರಕಾರದ ಅನುಮತಿಯ ಮೇಲೆ ನೋಂದಣಿ ಮಾಡಿಸಬಹುದು. ಆದರೆ ಅಲ್ಲಿಯೇ ಮುಗಿಯುತ್ತಿದ್ದ ಕೆಲಸ ಗೃಹ ಸಚಿವಾಲಯದ ಕಡತವಾಗಿ ದಿಲ್ಲಿ ಸೇರಿದ ಮೇಲೆ ಯಾವಾಗ ಮರಳುತ್ತದೆಂದು ಯಾರೂ ಮಾತು ಕೊಡಲಾರರು. ‘ಮೊದಲ ವರ್ಷದ ಹುಟ್ಟುಹಬ್ಬಕ್ಕೆ ಊರಿಗೆ ಹೋಗುವಾಗ ಮಾಡಿಸಿದರಾಯಿತು’ ಎಂದು ಮುಂದೂಡುವವರು ಸಿಕ್ಕಿಬೀಳುವುದು ಹೀಗೆಯೇ.

ಕೊಲ್ಲಿ ದೇಶಗಳಲ್ಲಿ ಹುಟ್ಟಿದ ಮಾತ್ರಕ್ಕೆ ಅಲ್ಲಿನ ಪೌರತ್ವ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ 1983ರಿಂದ, ಆಸ್ಟ್ರೇಲಿಯದಲ್ಲಿ 1986ರಿಂದ, ತಂದೆ ಅಥವಾ ತಾಯಿ ಅಲ್ಲಿನ ಪ್ರಜೆಯೋ ಕಾಯಂ ನೆಲೆಸುವ ಪರವಾನಗಿ ಇದ್ದವರೋ ಆಗಿದ್ದರೆ ಮಾತ್ರ ಮಗುವಿಗೆ ಹುಟ್ಟಿನಿಂದಲೇ ಪೌರತ್ವ. ಕೆಲಸದ ವೀಸಾದ ಮೇಲೆ ಹೋದವರ ಮಕ್ಕಳಿಗೆ ಭಾರತೀಯ ಪಾಸ್‌ಪೋರ್ಟೇ ಗತಿ. ಕೆನಡಾ, ಅಮೆರಿಕದ ಕಥೆ ಬೇರೆ, ಅದು ಕೊನೆಗೆ.

ಕೊಲ್ಲಿಯಲ್ಲಿ ಕಾಗದಗಳ ಸರಪಳಿ ಶುರುವಾಗುವುದು ಮಗುವಿನಿಂದಲ್ಲ, ಮದುವೆಯಿಂದ. ಆಸ್ಪತ್ರೆಯ ಜನನ ಸೂಚನೆಯಿಂದ ಸರಕಾರಿ ಜನನ ಪ್ರಮಾಣಪತ್ರ ಸಿಗಬೇಕಾದರೆ ತಂದೆತಾಯಿಯ ಅಟೆಸ್ಟೇಷನ್ (ಸರಕಾರಿ ಮೊಹರಿನ ದೃಢೀಕರಣ) ಆದ ಮದುವೆ ಸರ್ಟಿಫಿಕೇಟು ಬೇಕು. ಮುಂಬಯಿ ಕನ್ನಡಿಗರ ಮದುವೆಗಳಲ್ಲಿ ಎಷ್ಟೋ ಊರಿನಲ್ಲಿಯೇ ನಡೆಯುತ್ತವೆ. ನೋಂದಣಿ ಉಡುಪಿಯಲ್ಲೋ ಕಾರ್ಕಳದಲ್ಲೋ ಆಗಿರುತ್ತದೆ. ಸರ್ಟಿಫಿಕೇಟು ಯಾವ ರಾಜ್ಯದ್ದೋ ಆ ರಾಜ್ಯ ಸರಕಾರದ ಮೊಹರು ಮೊದಲು ಬೀಳಬೇಕು. ಕರ್ನಾಟಕದ ಸರ್ಟಿಫಿಕೇಟು ಹಿಡಿದು ಇಲ್ಲಿನ ಮಂತ್ರಾಲಯದ, ಅಂದರೆ ಮಹಾರಾಷ್ಟ್ರ ಸರಕಾರದ ಸಚಿವಾಲಯದ, ಬಾಗಿಲಿಗೆ ಹೋದರೆ ಪ್ರಯೋಜನವಿಲ್ಲ. ರಾಜ್ಯದ್ದಾದ ಮೇಲೆ ನಮ್ಮ ವಿದೇಶಾಂಗ ಸಚಿವಾಲಯ. ಯುಎಇಗೆ ಹೋಗುವುದಾದರೆ ಅದರ ಮೇಲೆ ಆ ದೇಶದ ರಾಜತಾಂತ್ರಿಕ ಕಚೇರಿಯ ಮೊಹರು. ಬಸುರಿನ ಸುದ್ದಿ ಬಂದಾಗಲೇ ಇದಕ್ಕೆ ಕೈಹಾಕಬೇಕು. ಏಕೆಂದರೆ ಯುಎಇಯಲ್ಲಿ ಹುಟ್ಟಿದ ಮಗುವಿಗೆ 120 ದಿನಗಳೊಳಗೆ ನಿವಾಸ ವೀಸಾ ಆಗದಿದ್ದರೆ ದಿನದ ಲೆಕ್ಕದಲ್ಲಿ ದಂಡ. ವೀಸಾಕ್ಕೆ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರ ಬೇಕು, ಅದಕ್ಕೆ ಈ ಮದುವೆ ಸರ್ಟಿಫಿಕೇಟು ಬೇಕು. ಅದು ಕೊರಿಯರಿನಲ್ಲಿ ಊರಿಂದೂರಿಗೆ ಅಲೆಯುತ್ತಿದ್ದರೆ ಇತ್ತ 120 ದಿನ ಕರಗುತ್ತಿರುತ್ತವೆ.

ಇನ್ನು ಹೆಸರು. ಅರ್ಜಿ ವಾಪಸು ಬರುವುದು ಹೆಚ್ಚಾಗಿ ಇದರಿಂದಲೇ. ಮಹಾರಾಷ್ಟ್ರದ ಶಾಲೆ, ರೇಷನ್ ಕಾರ್ಡು, ಬ್ಯಾಂಕು ಎಲ್ಲೆಡೆ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಭಾಗ. ಊರಿನ ದಾಖಲೆಯಲ್ಲಿ ಇನಿಷಿಯಲ್ ಮಾತ್ರ. ಅಡ್ಡಹೆಸರೂ ಒಂದೇ ಇರುವುದಿಲ್ಲ: ಅಣ್ಣ ಪೂಜಾರಿ, ತಮ್ಮ ಸಾಲಿಯಾನ್, ಶಾಲೆಯಲ್ಲಿ ಪೂಜಾರಿ ಆಗಿದ್ದವರೇ ಪಾಸ್‌ಪೋರ್ಟಿನಲ್ಲಿ ಸಾಲಿಯಾನ್. ಮದುವೆಯಾದ ಹೆಣ್ಣುಮಕ್ಕಳಿಗೆ ಮಧ್ಯದ ಹೆಸರೂ ಕೊನೆಯದೂ ಎರಡೂ ಬದಲು. ಮದುವೆ ಸರ್ಟಿಫಿಕೇಟಿನಲ್ಲಿ ತಾಯಿಗೆ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಮತ್ತೊಂದು, ಮಗುವಿನ ಅರ್ಜಿಯಲ್ಲಿ ಮನೆಯವರು ಕರೆಯುವ ಮೂರನೆಯದು ಎಂದಾದರೆ ಗುಮಾಸ್ತರು ಯಾವುದನ್ನು ನಂಬಬೇಕು? ಆದ್ದರಿಂದ ಮಗುವಿನ ಎಲ್ಲ ಕಾಗದಗಳಲ್ಲೂ ತಂದೆತಾಯಿಯ ಹೆಸರು ಅವರವರ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಅಕ್ಷರ ಬಿಡದೆ ಇರಬೇಕು. ತಾಯಿಯ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿಸುವುದಿದ್ದರೆ, ಅಡ್ಡಹೆಸರು ಬದಲಿಸುವುದಿದ್ದರೆ ಹೆರಿಗೆಗೆ ಮೊದಲೇ ಮರುವಿತರಣೆ ಮಾಡಿಸಿಕೊಳ್ಳಲಿ. ಅರ್ಜಿಯಲ್ಲಿ ಮಧ್ಯದ ಹೆಸರಿಗೆ ಬೇರೆ ಅಂಕಣವಿಲ್ಲ; ಅದನ್ನು ಮಗುವಿನ ಸ್ವಂತ ಹೆಸರಿನ ಅಂಕಣದಲ್ಲಿಯೇ, ಹೆಸರಿನ ನಂತರ ಬರೆಯಬೇಕು. ಅಡ್ಡಹೆಸರಿನ ಅಂಕಣ ಖಾಲಿ ಬಿಡಬೇಡಿ. 2022ರ ನವೆಂಬರ್‌ನಿಂದ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಯುಎಇ ಭೇಟಿ ವೀಸಾದಲ್ಲಿ ತೊಡಕಾಗಿದೆ. ಮೊಮ್ಮಗುವನ್ನು ನೋಡಲು ಹೊರಟ ಅಜ್ಜಿಯಂದಿರು ತಮ್ಮ ಪಾಸ್‌ಪೋರ್ಟನ್ನೂ ಒಮ್ಮೆ ತೆರೆದು ನೋಡಿಕೊಳ್ಳುವುದು ಒಳ್ಳೆಯದು.

ನಕ್ಷತ್ರದ ಅಕ್ಷರ, ಹಿರಿಯರ ಒಪ್ಪಿಗೆ ಎಂದು ನಾಮಕರಣದವರೆಗೆ ಹೆಸರು ತಡೆಹಿಡಿಯುವ ರೂಢಿ ನಮ್ಮದು. ಅಲ್ಲಿನ ಆಸ್ಪತ್ರೆಗೆ ಅಷ್ಟು ಪುರುಸೊತ್ತಿಲ್ಲ. ಗಂಡಿಗೊಂದು ಹೆಣ್ಣಿಗೊಂದು ಹೆಸರು ಮೊದಲೇ ನಿಶ್ಚಯಿಸಿ ಕಾಗುಣಿತ ಸಮೇತ ಬರೆದಿಟ್ಟುಕೊಂಡರೆ ಆಮೇಲೆ ತಿದ್ದುಪಡಿಗೆ ಅಲೆಯುವುದು ತಪ್ಪುತ್ತದೆ. ಪ್ರಮಾಣಪತ್ರ ಅರಬಿ, ಇಂಗ್ಲಿಷ್ ಎರಡರಲ್ಲೂ ಇದ್ದರೆ ಎರಡನ್ನೂ ಓದಿಸಿ ನೋಡಿ. ಅರಬಿಯಲ್ಲಿ ‘ಪ’ಕಾರವಿಲ್ಲ, ಪೂಜಾರಿ ಬೂಜಾರಿ ಆಗಿ, ಅದೇ ಮತ್ತೆ ಇಂಗ್ಲಿಷಿಗೆ ಬಂದು ಕೂರುವುದುಂಟು.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಆನ್‌ಲೈನ್ ಅರ್ಜಿಗಳು ಎರಡು. ಒಂದು ಗೃಹ ಸಚಿವಾಲಯದ ಪೌರತ್ವ ಪೋರ್ಟಲಿನಲ್ಲಿ ಜನನ ನೋಂದಣಿಗೆ, ಇನ್ನೊಂದು ವಿದೇಶಾಂಗ ಸಚಿವಾಲಯದ ಪಾಸ್‌ಪೋರ್ಟ್ ಪೋರ್ಟಲಿನಲ್ಲಿ. ಒಂದನ್ನು ತುಂಬಿ ಎರಡೂ ಆಯಿತೆಂದುಕೊಳ್ಳುವವರಿದ್ದಾರೆ. ಎರಡರ ಪ್ರಿಂಟನ್ನೂ ತೆಗೆದು, ಜನನ ಪ್ರಮಾಣಪತ್ರ, ತಂದೆತಾಯಿಯ ಪಾಸ್‌ಪೋರ್ಟ್, ವೀಸಾ, ಮದುವೆ ಸರ್ಟಿಫಿಕೇಟುಗಳ ಮೂಲಪ್ರತಿ, ಝೆರಾಕ್ಸ್ ಜೋಡಿಸಿ ಒಯ್ಯಬೇಕು. ತಂದೆತಾಯಿ ಇಬ್ಬರೂ ಸಹಿ ಮಾಡಿದ ಅನೆಕ್ಶರ್ ಡಿ (ಮಗುವಿನ ಪಾಸ್‌ಪೋರ್ಟಿಗೆ ಒಪ್ಪಿಗೆಯ ಘೋಷಣಾಪತ್ರ) ಕಡ್ಡಾಯ. ಬಿಳಿ ಹಾಳೆಯಲ್ಲಿ ಬರೆದರೆ ಸಾಕು. ನೋಟರಿಯ ಗೊಡವೆ 2016ರ ಡಿಸೆಂಬರಿನಲ್ಲಿಯೇ ಹೋಗಿದೆ. ಗಂಡ ಹಡಗಿನ ಕೆಲಸದಲ್ಲಿದ್ದು ತಿಂಗಳುಗಟ್ಟಲೆ ಹೊರಗಿರುವವನಾದರೆ ಹೊರಡುವ ಮೊದಲೇ ಏನೇನು ಬರೆದುಕೊಡಬೇಕೆಂದು ದೂತಾವಾಸದಲ್ಲಿ ವಿಚಾರಿಸಿಟ್ಟುಕೊಳ್ಳಲಿ. ಒಬ್ಬರ ಒಪ್ಪಿಗೆ ಸಿಗುವಂತಿಲ್ಲ ಎಂದಾದರೆ ಅದರ ಬದಲು ಇನ್ನೊಬ್ಬರು ಬರೆದುಕೊಡುವ ಅನೆಕ್ಶರ್ ಸಿ.

ಫೋಟೋ ಕೇಳಲು ಸಣ್ಣ ವಿಷಯ, ತಿರಸ್ಕಾರವಾಗುವುದರಲ್ಲಿ ಮುಂದೆ. ಮಡಿಕೆಯಿಲ್ಲದಂತೆ ಬಿಳಿ ಬೆಡ್‌ಶೀಟ್ ಹಾಸಿ, ಹಾಲು ಕುಡಿದು ಎಚ್ಚರವಾಗಿರುವ ಹೊತ್ತಿಗೆ ಮಗುವನ್ನು ಅಂಗಾತ ಮಲಗಿಸಿ, ಕಿಟಕಿಯ ಬೆಳಕಿನಲ್ಲಿ ನೇರ ಮೇಲಿನಿಂದ ತೆಗೆಯಿರಿ. ಫ್ಲ್ಯಾಶ್ ಬೇಡ, ನಿಮ್ಮ ನೆರಳೂ ಬೀಳಬಾರದು. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ತಲೆ ಹಿಡಿದ ಅಮ್ಮನ ಬೆರಳು ಕಾಣಬಾರದು. ಬಿಳಿ ಅಂಗಿ ತೊಡಿಸಿದರೆ ಹಿನ್ನೆಲೆಯಲ್ಲಿ ಕಲಸಿಹೋಗುತ್ತದೆ. ಕಣ್ಣಿನ ಕಾಡಿಗೆ, ಕೆನ್ನೆಯ ದೃಷ್ಟಿಬೊಟ್ಟು ಒರೆಸಿಬಿಡಿ. ನೋಡುವವರಿಗೆ ಅದು ಮಚ್ಚೆ. ಸಹಿಯ ಜಾಗದಲ್ಲಿ ಗಂಡುಮಗುವಿಗೆ ಎಡಗೈ, ಹೆಣ್ಣುಮಗುವಿಗೆ ಬಲಗೈ ಹೆಬ್ಬೆಟ್ಟು. ಎಳೆಯ ಮಕ್ಕಳು ಮುಷ್ಟಿ ಬಿಡುವುದಿಲ್ಲವಾದ್ದರಿಂದ ನಿದ್ದೆಯಲ್ಲಿ ಮಾಡಿಸುವುದು ಸುಲಭ. ಶಾಯಿಯನ್ನು ಬೆರಳಿಗೆ ತೆಳುವಾಗಿ ಸವರಿ, ಬೆರಳನ್ನು ಹಾಳೆಗೆ ಒತ್ತುವ ಬದಲು ಗಟ್ಟಿ ರಟ್ಟಿನ ಮೇಲಿಟ್ಟ ಹಾಳೆಯನ್ನೇ ಬೆರಳಿಗೆ ತಾಗಿಸಿ. ಗುರುತು ಚೌಕದ ಗೆರೆ ದಾಟಬಾರದು.

ಪುಟ್ಟ ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಇಲ್ಲಿಗೆ ಮರಳಿದವರು ಅಂಧೇರಿ, ಮಲಾಡ್, ಲೋವರ್ ಪರೇಲ್, ಠಾಣೆಯ ಸೇವಾ ಕೇಂದ್ರಗಳಲ್ಲಿ, ಪುಣೆಯವರು ಮುಂಢವಾದಲ್ಲಿ, ಗೋವಾದವರು ಪಣಜಿಯಲ್ಲಿ ಮರುವಿತರಣೆಗೆ ಅರ್ಜಿ ಹಾಕಬಹುದು. ಮಕ್ಕಳಿಗೆ ಸಾಮಾನ್ಯ ಶುಲ್ಕ 1000 ರೂಪಾಯಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಿಳಿ ಹಿನ್ನೆಲೆಯ 4.5 x 3.5 ಸೆಂಟಿಮೀಟರ್ ಫೋಟೋ ಒಯ್ಯಬೇಕು. ದೊಡ್ಡವರದ್ದನ್ನು ಅಲ್ಲೇ ತೆಗೆಯುತ್ತಾರೆ. ದೂತಾವಾಸ ಕೊಟ್ಟ ಜನನ ನೋಂದಣಿ ಪತ್ರವನ್ನು ಮಾತ್ರ ಚಿನ್ನದ ಹಾಗೆ ಕಾಪಾಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟ್ ನಿಯಮಗಳಡಿ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಪುರಾವೆ.

ಅಲ್ಲಿ ನೋಂದಾಯಿಸದೆ ಬಂದವರಿಗೆ ಕೆಲವರು ಕೊಡುವ ಸಲಹೆ ಅಪಾಯದ್ದು: ‘ಊರಿನಲ್ಲಿ ಹುಟ್ಟಿದೆ ಎಂದು ಪಂಚಾಯತಿಯಿಂದ ಒಂದು ಸರ್ಟಿಫಿಕೇಟು ಮಾಡಿಸಿ.’ ಸುಳ್ಳು ಮಾಹಿತಿ ಕೊಟ್ಟು ಪಾಸ್‌ಪೋರ್ಟ್ ಪಡೆದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಸೆರೆ, 5000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸರಿಯಾದ ದಾರಿ ಕಾಯ್ದೆಯಲ್ಲೇ ಇದೆ. ಇಲ್ಲಿ ನೆಲೆಸಲೆಂದು ಮರಳಿದವರು ಬಂದ 60 ದಿನಗಳೊಳಗೆ 1969ರ ಜನನ ಮರಣ ನೋಂದಣಿ ಕಾಯ್ದೆಯ 20ನೇ ಸೆಕ್ಷನ್ ಅಡಿ ಜನನ ದಾಖಲಿಸಬಹುದು. ಇದು ಜನನದ ದಾಖಲೆ ಮಾತ್ರ. ಪೌರತ್ವದ ನೋಂದಣಿಗೆ ಬದಲಿಯಲ್ಲ.

ಕೆನಡಾದಲ್ಲಿ ಹುಟ್ಟಿದ ಮಗುವಿಗೆ ಅಲ್ಲಿನ ಪೌರತ್ವ ಇದೆ. ಅಮೆರಿಕದಲ್ಲಿ ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಈ ಹಕ್ಕು ತಪ್ಪಿಸುವ ಆದೇಶಕ್ಕೆ 2025ರ ಜನವರಿಯಲ್ಲಿ ಸಹಿ ಬಿದ್ದು, ವಿಷಯ ಕೋರ್ಟಿನ ಮೆಟ್ಟಿಲೇರಿತು. ಹೆರಿಗೆಯ ಹೊತ್ತಿನ ಸ್ಥಿತಿ ಏನೆಂದು ನೋಡಿಕೊಳ್ಳಬೇಕು. ಅಲ್ಲಿನ ಪಾಸ್‌ಪೋರ್ಟ್ ಪಡೆದ ಮೇಲೆ ಭಾರತದ್ದು ಸಿಗದು, ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡೇ ದಾರಿ. ಓಸಿಐ ಎಂದರೆ ಆಜೀವ ವೀಸಾ ಇದ್ದಂತೆ, ಪೌರತ್ವವಲ್ಲ. ಮತವಿಲ್ಲ, ಊರಿನಲ್ಲಿ ಗದ್ದೆ ತೋಟ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ. 2021ರ ಮಾರ್ಚ್ 4ರ ಅಧಿಸೂಚನೆಯ ನಂತರ ಕಾರ್ಡು ಪಡೆದವರು ಮೆಡಿಕಲ್ ಸೀಟಿಗೆ ಎನ್‌ಆರ್‌ಐ ಕೋಟಾದಲ್ಲಿ ನಿಲ್ಲಬೇಕು. ಮುಂದೆ ಮಗುವನ್ನು ಇಲ್ಲಿಯೇ ಓದಿಸುವ ಯೋಚನೆ ಇರುವವರು ಕಾರ್ಡಿಗೆ ಅರ್ಜಿ ಹಾಕುವ ಮೊದಲೇ ಇದನ್ನು ಲೆಕ್ಕಕ್ಕೆ ಹಿಡಿಯಲಿ.

ಇಲ್ಲಿನ ಕನ್ನಡ ಸಂಘಗಳಲ್ಲಿ, ಜಾತಿ ಸಂಘಗಳಲ್ಲಿ ವಧೂವರರ ಮಾಹಿತಿ ಕೇಂದ್ರಗಳಿವೆ. ಮದುವೆಯಾಗಿ ವಿದೇಶಕ್ಕೆ ಹೊರಡುವ ಜೋಡಿಗೆ ಮದುವೆ ಸರ್ಟಿಫಿಕೇಟಿನ ಅಟೆಸ್ಟೇಷನ್, ಪಾಸ್‌ಪೋರ್ಟಿನ ಹೆಸರು, ಒಂದು ವರ್ಷದ ಗಡುವು ಈ ಮೂರನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಟ್ಟರೆ ಖರ್ಚೇನೂ ದೊಡ್ಡದಲ್ಲ. ವಿದೇಶಾಂಗ ಸಚಿವಾಲಯವೂ ಪಾಸ್‌ಪೋರ್ಟ್ ಪುಸ್ತಕದಲ್ಲಿ ಅಚ್ಚಾಗುವ ಸೂಚನೆಗಳ ಜೊತೆ 4ನೇ ಸೆಕ್ಷನ್‌ನ ಗಡುವನ್ನು ಒಂದು ಸಾಲಿನಲ್ಲಿ ಸೇರಿಸಬೇಕು.

ಪಾಸ್‌ಪೋರ್ಟ್ ಅರ್ಜಿಗೆ ನೆರವಾಗುವ ಓದುಗರು, ಡೊಂಬಿವಲಿ